ಎಸ್ತೇರಮ್ಮನ ಪಕ್ಕದ ಜಾಗ

ನಡಿಗೆಯ ಮೂರನೇ ಸುತ್ತು ಅರ್ಧ ಆಗುವಷ್ಟರಲ್ಲಿ ಹಂಪಯ್ಯ ಹೋಗಿ ತನ್ನ ಮೊದಲ ಹೆಂಡತಿಯ ಗೋರಿಯ ಮೇಲೆ ಕುಳಿತುಬಿಟ್ಟ. ಹಿಂದೆ ಬರುತ್ತಿದ್ದ ಎರಡನೇ ಹೆಂಡತಿ ಹುಲಗೆಮ್ಮ ಅಲ್ಲೇ ನಿಂತಳು. ಮುಂದೆ ಹೋಗಿದ್ದ ಮಗ ಪ್ರಭುರಾಜ ತಿರುಗಿ ನೋಡಿ ಸೀಟಿ ಊದಿದ. ಪ್ರಭುರಾಜ ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ, ಕ್ರಿಸ್‌ಮಸ್ ದಿನವೂ ಅವನ ಕೊರಳಲ್ಲಿ ಶಿಲುಬೆಯ ಜೊತೆಗೆ ಸೀಟಿಯೂ ಇತ್ತು.

“ಯಪ್ಪಾ, ಏಳು. ಇನ್ನಾ ಎರಡು ಸುತ್ತ ಅದಾವ.”

“ನಿಮ್ಮವ್ವನ್ನ ಮಾತಾಡಸಾಕತ್ತೀನಿ. ಹಬ್ಬದ ದಿನ ಅಷ್ಟೂ ಮಾತಾಡಬಾರದೇನು?”

ಹಂಪಯ್ಯನ ಸಕ್ಕರೆ ಏರಿದ್ದರಿಂದ ಈ ವರ್ಷ ಮನೆಯಲ್ಲಿ ಹಬ್ಬ ಇಳಿದಿತ್ತು. ಕರ್ಚಿಕಾಯಿ ಇಲ್ಲ, ಕೇಕ್ ಇಲ್ಲ, ಮಟನ್ ಪಲಾವಿನ ಹೆಸರನ್ನಂತೂ ಎತ್ತುವಂತೆಯೇ ಇಲ್ಲ. ಚರ್ಚಿನಿಂದ ಬಂದು, ರೊಟ್ಟಿ ಹೆಸರುಕಾಳು ತಿಂದು, ಮನೆಮಂದಿಯೆಲ್ಲ ನಡೆಯಲು ಹೊರಡಬೇಕು ಎಂದು ಪ್ರಭುರಾಜ ಹುಕುಂ ಮಾಡಿದ್ದ. ಪ್ರತಿ ವರ್ಷ ಪಲಾವಿನ ಡಬ್ಬಿಗೆ ಕಾಯುವ ಪಕ್ಕದ ಮನೆಯ ಅಲ್ಲಾಉದ್ದೀನ್ ಬಂದು ಮೆಲ್ಲಗೆ ವಿಚಾರಿಸಿದಾಗ, ನೀವೂ ನಡೆಯಲು ಬನ್ನಿ ಎಂದು ಪ್ರಭುರಾಜ ಕರೆದದ್ದಕ್ಕೆ, ಆತ ಹಬ್ಬದ ಶುಭಾಶಯ ಹೇಳಿ ಬಾಗಿಲು ಹಾಕಿಕೊಂಡಿದ್ದ. ರಸ್ತೆಯ ತುಂಬ ಭತ್ತದ ಲಾರಿ, ಓಣಿಯ ತುಂಬ ನಾಯಿ. ನೆಮ್ಮದಿಯಾಗಿ ಕಾಲು ಬೀಸಲು ಊರಿನಲ್ಲಿ ಉಳಿದಿದ್ದು ಬೇವಿನ ನೆರಳಿದ್ದ ಕ್ರೈಸ್ತರ ಸ್ಮಶಾನವೊಂದೇ. ಜೀವಮಾನವೆಲ್ಲ ದೇವದುರ್ಗದ ಬಸ್ಸು ಓಡಿಸಿದ್ದ ಹಂಪಯ್ಯ, ನಡೆಯುವುದು ಪ್ಯಾಸೆಂಜರುಗಳ ಕೆಲಸ, ಅದೂ ಬಸ್ಸು ತಪ್ಪಿಸಿಕೊಂಡವರದ್ದು ಎಂದು ದಾರಿಯುದ್ದಕ್ಕೂ ಗೊಣಗಿದ್ದ.

ಮೊದಲ ಹೆಂಡತಿ ಎಸ್ತೇರಮ್ಮ ತೀರಿಕೊಂಡಾಗ ಪ್ರಭುರಾಜ ಇನ್ನೂ ಅಂಬೆಗಾಲಿಡುತ್ತಿದ್ದ. ಹಂಪಯ್ಯ ದುಃಖದ ಭರದಲ್ಲಿ ಆಕೆಯ ಪಕ್ಕಕ್ಕೇ ತನಗೂ ಜಾಗ ಬಿಡಿಸಿ, ಎರಡಕ್ಕೂ ಸೇರಿಸಿ ಕಟ್ಟೆ ಕಟ್ಟಿಸಿ, ಒಂದೇ ಶಹಾಬಾದ್ ಕಲ್ಲಿನಲ್ಲಿ ಇಬ್ಬರ ಹೆಸರನ್ನೂ ಕೆತ್ತಿಸಿದ್ದ. ಆಕೆಯದು ಪೂರ್ತಿ, ತನ್ನದಕ್ಕೆ ಹುಟ್ಟಿದ ವರ್ಷ, ಒಂದು ಗೀಟು, ಮುಂದೆ ಖಾಲಿ. ದುಃಖ ಸುಳ್ಳಾಗಿರಲಿಲ್ಲ. ಆದರೆ ಮಗುವಿಗೆ ಹಾಲು ಕಾಸುವವರು ಬೇಕಿತ್ತು. ವರ್ಷ ತುಂಬುವ ಮೊದಲೇ ಹುಲಗೆಮ್ಮ ಬಂದಳು. ಚರ್ಚಿನಲ್ಲಿ ಅವಳಿಗೆ ರೂತಮ್ಮ ಎಂದು ಹೆಸರಿಟ್ಟರು, ಓಣಿಯವರು ಒಪ್ಪಲಿಲ್ಲ. ಎಲ್ಲವೂ ಹೊಂದಿಕೊಂಡಿತು, ಕಲ್ಲೊಂದು ಬಿಟ್ಟು.

ಹೀಗಾಗಿ ಪ್ರತಿ ಸುತ್ತಿಗೂ ಆ ಕಲ್ಲು ಬಂದಾಗ ಹುಲಗೆಮ್ಮ ದಾಪುಗಾಲು ಹಾಕುತ್ತಿದ್ದಳು. ಅವ್ವನ ಸ್ಪೀಡ್ ನೋಡಿ ಕಲಿ ಎಂದು ಮಗ ಅಪ್ಪನಿಗೆ ಬುದ್ಧಿ ಹೇಳುತ್ತಿದ್ದ. ತನ್ನ ಜಾಗ ಎಲ್ಲಿ ಎಂದು ಅವಳು ಗಂಡನನ್ನು ಹಿಂದೆಯೂ ಕೇಳಿದ್ದುಂಟು. ಒಮ್ಮೆ ಅವನಿಗೆ ಕೆಮ್ಮು ಬಂದಿತ್ತು, ಇನ್ನೊಮ್ಮೆ ನಿದ್ದೆ.

ಈಗ ಹಂಪಯ್ಯ ಕುಳಿತಲ್ಲಿಂದಲೇ ಪಕ್ಕದ ಖಾಲಿ ಜಾಗದ ಮೇಲಿನ ಬೇವಿನ ಎಲೆ ಸರಿಸಿದ. ಬಸ್ಸಿನ ಕಿಟಕಿಯಿಂದ ವಸ್ತ್ರ ಎಸೆದು ಹಿಡಿದ ಸೀಟು ಇನ್ನೂ ತನ್ನದೇ ಇದೆಯೇ ಎಂದು ನೋಡುವವನಂತೆ ಅಂಗೈ ಊರಿದ.

“ನನ್ನ ಜಾಗ ನೋಡು, ಎಷ್ಟು ತಂಪದ.”

“ಮತ್ತ ನಂದು?” ಹುಲಗೆಮ್ಮ ಕೇಳಿದಳು.

ಕೆಮ್ಮು ಬರಲಿಲ್ಲ. ಹಂಪಯ್ಯ ಸುತ್ತಲೂ ಕಣ್ಣಾಡಿಸಿದ. ಕಟ್ಟೆಯ ಆಚೆಗೆ ಇನ್ಯಾರದೋ ಗೋರಿ, ಈಚೆಗೆ ದಾರಿ. ಕಡೆಗೆ ಜಾಲಿಕಂಟಿ ಬೆಳೆದಿದ್ದ ಹಿಂದಿನ ಗೋಡೆಯ ಕಡೆ ಕೈ ಮಾಡಿದ. “ಅಲ್ಲಿ ಬೇಕಾದಷ್ಟು ಅದಲ್ಲ.”

ಪ್ರಭುರಾಜನ ಬಾಯಿಂದ ಸೀಟಿ ಜಾರಿತು.

ಹುಲಗೆಮ್ಮ ಜಾಲಿಕಂಟಿಯನ್ನು ಒಮ್ಮೆ ನೋಡಿದಳು, ಗಂಡನನ್ನು ಒಮ್ಮೆ. ಮುಳ್ಳು ಎರಡು ಕಡೆಯೂ ಇತ್ತು. ಚಪ್ಪಲಿ ಬಿಟ್ಟಳು. ಹಬ್ಬಕ್ಕೆಂದು ಉಟ್ಟಿದ್ದ ಇಳಕಲ್ ಸೀರೆಯ ಸೆರಗು ಸುತ್ತಿಕೊಂಡು ಕಟ್ಟೆ ದಾಟಿ, ಆ ಖಾಲಿ ಜಾಗದಲ್ಲಿ ಉದ್ದಕ್ಕೆ ಮಲಗಿಬಿಟ್ಟಳು. ಕಾಲು ಚಾಚಿ ನೋಡಿದಳು. ಅಳತೆ ತೆಗೆದು ಹೊಲಿಸಿದ ಕುಪ್ಪಸದಂತೆ ಸರಿಯಾಗಿತ್ತು.

“ಅವ್ವಾ, ಏಳಬೇ. ಮಂದಿ ನೋಡ್ತಾರ,” ಎಂದು ಪ್ರಭುರಾಜ ಓಡಿ ಬಂದ.

“ಇಲ್ಲಿ ಮಂದಿ ಎಲ್ಲಾ ಮಕ್ಕೊಂಡಾರಪ್ಪ.”

ಯಾರೂ ಹೇಳದೆಯೇ ಹಂಪಯ್ಯ ಎದ್ದು ನಿಂತಿದ್ದ. ಇದು ತನ್ನ ಜಾಗ, ಎಸ್ತೇರಮ್ಮನಿಗೆ ಮಾತು ಕೊಟ್ಟದ್ದು, ಬೇಕಾದರೆ ಕಲ್ಲಿನ ಮೇಲೆ ತನ್ನ ಹೆಸರು ನೋಡು ಎಂದು ಏನೇನೋ ತಡವರಿಸಿದ.

“ಹೆಸರು ನಿಮ್ಮದಾ ಇರಲಿ ಬಿಡ್ರಿ,” ಎಂದಳು ಹುಲಗೆಮ್ಮ. “ಗಂಡನ ಹೆಸರು ಹೆಂಡ್ತಿ ತಲಿ ಮ್ಯಾಲ ಇರೋದು ಹೊಸದೇನಲ್ಲ.” ಆಮೇಲೆ ಮಗ್ಗುಲು ತಿರುಗಿ ಎಸ್ತೇರಮ್ಮನ ಕಡೆ ಮುಖ ಮಾಡಿದಳು. “ಆಕಿ ಹೆತ್ತಾಳ, ನಾ ಸಾಕೀನಿ. ಇಬ್ಬರೂ ಈ ಮನಷ್ಯಾನ ಕೂಡ ಬಾಳೇವಿ ಮಾಡೀವಿ. ನಮಗ ಮಾತಾಡಾಕ ರಗಡ ಅದ. ಏನಪಾ ಪ್ರಭು, ನನ್ನ ಇಲ್ಲೇ ಇಡ್ತೀಯಿಲ್ಲ?”

ಪ್ರಭುರಾಜ ಅಪ್ಪನ ಮುಖ ನೋಡಲಿಲ್ಲ. ಬಗ್ಗಿ ಅವ್ವನ ಚಪ್ಪಲಿ ಜೋಡಿಸಿ ಕಟ್ಟೆಯ ಪಕ್ಕಕ್ಕಿಟ್ಟ. “ಇಡ್ತೀನವ್ವ,” ಎಂದ.

“ಮತ್ತ ನಾ ಎಲ್ಲಿ ಹೋಗ್ಲಿ?” ಹಂಪಯ್ಯನ ದನಿ ಸಣ್ಣಗಾಗಿತ್ತು.

ಹುಲಗೆಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದಳು:

“ನೀವು ನಡಕೋತ ಇರ್ರಿ.”