ಸೊಂಟದವರೆಗೆ ಹೂತವನು

ಕರಿ ಬಣ್ಣದ ಕಡ್ಡಿ ಪಟ್ಟನೆ ಮುರಿಯಿತು. ಉಳಿದ ತುಂಡಿನಿಂದಲೇ ಶಶಿರೇಖಾ ಹಾಳೆ ಹರಿಯುವಷ್ಟು ಒತ್ತಿ ತಿಕ್ಕಿದಳು.

ಐದನೇ ತರಗತಿಯ ಈ ಹುಡುಗಿ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಬೆನ್ನ ತುಂಬ ಬಾಸುಂಡೆ. ವಿಜ್ಞಾನ ಶಿಕ್ಷಕಿ ಪ್ರೇಮಲತಾ ಚಳ್ಳಕೆರೆಯಿಂದ ದಿನಾ ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಬಂದು ಹೋಗುವವರು. ಬಾಯಿ ಹೇಳದ್ದನ್ನು ಚಿತ್ರ ಹೇಳುತ್ತದೆ ಎಂದು ಆಪ್ತಸಮಾಲೋಚನೆಯ ಹತ್ತು ದಿನದ ತರಬೇತಿಯಲ್ಲಿ ಕಲಿತಿದ್ದರು.

ಒಟ್ಟು ಒಂಬತ್ತು ಚಿತ್ರ. ಪ್ರತಿಯೊಂದಕ್ಕೂ ದಿನಾಂಕ ಹಾಕಿದ್ದರು. ಮೊದಲನೆಯದು ಜುಲೈ ೨೦೦೪. ಎಲ್ಲದರಲ್ಲೂ ಎಡಕ್ಕೆ ಕೋಲೆತ್ತಿದ ಗಂಡಸು, ಕಾಲಿಗೆ ಕರಿ ಬೂಟು, ಕೆಳಗೆ ಕೆಂಪು ಗೀಚು. ಬಲಕ್ಕೆ ಸೊಂಟದವರೆಗೆ ನೆಲದಲ್ಲಿ ಹೂತ ಗಂಡಸು, ಎದುರಿಗೆ ಕಂಬಿಗಳಂಥ ಸಾಲುಗೆರೆ. ‘ಹೊಡೆದವನನ್ನು ಹುಗಿದು ಜೈಲಿಗೆ ಹಾಕುತ್ತಿದ್ದಾಳೆ’ ಎಂದು ಪ್ರೇಮಲತಾ ಟಿಪ್ಪಣಿ ಬರೆದರು.

“ಇದು ಯಾರು ಪುಟ್ಟಿ?” ಹೂತವನ ಮೇಲೆ ಬೆರಳಿಟ್ಟರು.

ಹುಡುಗಿ ಬರೆದಳು: ಅಪ್ಪ.

“ಅವರಪ್ಪಂದೇ ಕೆಲಸ ಅಂತ ನಾನು ಆವತ್ತೇ ಅಂದಿದ್ನಲ್ರೀ,” ಎಂದರು ಮುಖ್ಯೋಪಾಧ್ಯಾಯ ಸಣ್ಣತಿಮ್ಮಪ್ಪ. “ದೂರು ಬರೀರಿ.”

ಹೇಳಿಕಳಿಸಿದಾಗ ಹುಡುಗಿಯ ಅಪ್ಪ ಬೊಮ್ಮಲಿಂಗಪ್ಪ ಬರಿಗಾಲಲ್ಲೇ ಓಡಿಬಂದ. ಅಂಗಿಗೆ ರೇಷ್ಮೆ ಎಳೆ ಅಂಟಿತ್ತು. “ನನ್ನ ಕೂಸಿಗೆ ಏನಾತ್ರಿ ಮೇಡಂ?”

ಕಾದಿದ್ದ ಪೇದೆ ಬಾಯಿಗೆ ಗುದ್ದಿದ. ತುಟಿ ಸೀಳಿ ರಕ್ತ ಅಂಗಿಗಿಳಿಯಿತು. “ಹೆತ್ತ ಮಗಳನ್ನೇ ಬಡೀತೀಯೇನಲೇ?” ಎನ್ನುತ್ತಾ ಸಣ್ಣತಿಮ್ಮಪ್ಪ ಬೂಟುಗಾಲಿನಿಂದ ಪಕ್ಕೆಗೆ ಒದ್ದರು. ಬಿದ್ದವನನ್ನು ಶಶಿರೇಖಾ ಕಿರುಚುತ್ತಾ ತಬ್ಬಿಕೊಂಡಳು. ಎರಡು ತಿಂಗಳಲ್ಲಿ ಮೊದಲ ದನಿ. ಒಳಗಿನ ಭಯ ಹೊರಬರುತ್ತಿದೆ ಎಂದುಕೊಂಡ ಪ್ರೇಮಲತಾ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಬೊಮ್ಮಲಿಂಗಪ್ಪನನ್ನು ಹತ್ತಿಸಿಕೊಂಡು ಪೊಲೀಸ್ ಜೀಪು ಹೋಯಿತು. ಶಾಲೆ ಬಿಟ್ಟಾಗಿತ್ತು. “ಕೂಸು ನನ್ನ ಕೋಣೇಲಿರ್ಲಿ. ನೀವು ಅವರವ್ವನ್ನ ಕರ್ಕಂಡು ಬರ್ರಿ,” ಎಂದರು ಸಣ್ಣತಿಮ್ಮಪ್ಪ.

ನೇಕಾರರ ಮನೆಯೊಳಕ್ಕೆ ಪ್ರೇಮಲತಾ ಕಾಲಿಟ್ಟದ್ದು ಅದೇ ಮೊದಲು.

“ಚಪ್ಪಲಿ ಹೊರಗೆ ಬಿಡ್ರಿ ಮೇಡಂ. ಮಗ್ಗ ಐತೆ,” ಎಂದಳು ತಾಯಿ ರೇಣುಕಮ್ಮ. ಗಂಡ ಅರ್ಧಕ್ಕೆ ಬಿಟ್ಟು ಓಡಿದ ಸೀರೆಯ ಮುಂದೆ, ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದಳು. ನೆಲದ ಮೇಲೆ ಸೊಂಟದಿಂದ ಮೇಲಷ್ಟೇ ಕಾಣುತ್ತಿತ್ತು. ಎದುರಿಗೆ ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳು, ಸಾಲುಸಾಲಾಗಿ.

“ಇದು ನಮ್ಮನೆಯವರ ಜಾಗ. ಸ್ಕೂಲಿಗೆ ಹೊತ್ತಾತು ಅಂದ್ರೆ ಸಾಕು, ಕೂಸು ಈ ಕುಣಿಗಿಳಿದು ಅವರಪ್ಪನ ಮಡಿಲಾಗೆ ಅಡಗ್ತಾಳೆ. ಯಾಕ್ರಿ ಮೇಡಂ?”

ಎಡಗಡೆ ನಿಂತವನು ಯಾರೆಂದು ಪ್ರೇಮಲತಾ ಒಮ್ಮೆಯೂ ಕೇಳಿರಲಿಲ್ಲ.

ಆ ಬೂಟಿನವನ ಕೋಣೆಯಲ್ಲಿ ಮಗುವನ್ನು ಕೂರಿಸಿ, ಬಾಗಿಲು ಮುಂದೆ ಮಾಡಿ ಬಂದವರೂ ಅವರೇ.