ಎರವಲು ನೋವು

ವೈದ್ಯಕೀಯ ಪರೀಕ್ಷೆಯಲ್ಲಿ ರೋಗಿಯ ನೋವನ್ನು ವಿದ್ಯಾರ್ಥಿ ತನ್ನ ಮೈಗೆ ಎರವಲು ಪಡೆಯಬೇಕು. ಅದು ಯಾವ ನೋವೆಂದು ಗುರುತಿಸಿ ಹೆಸರು ಹೇಳಬೇಕು; ಹೇಳಿದೊಡನೆ ನೋವು ರೋಗಿಗೇ ಮರಳುತ್ತದೆ.

ವಿದ್ಯಾರ್ಥಿನಿ ನೀಲಾಂಬಿಕಾಳ ಸೊಂಟದಲ್ಲಿ ಈಗ ರೋಗಿ ಸಂಗವ್ವಜ್ಜಿಯ ನೋವು ಮಿಂಚಿನಂತೆ ಕಾಲಿಗಿಳಿಯುತ್ತಿತ್ತು. 'ಚಳುಕು' ಎಂಬ ಅದರ ಹೆಸರು ನಾಲಿಗೆಯ ತುದಿಗೇ ಬಂತು. ಅಷ್ಟರಲ್ಲಿ ಎದುರಿನ ಮಂಚದಿಂದ ಸಣ್ಣ ಗೊರಕೆ ಕೇಳಿಸಿತು. ವರ್ಷಗಟ್ಟಲೆ ಮಗ್ಗುಲು ಬದಲಿಸುತ್ತಲೇ ಬೆಳಗು ಮಾಡಿದ ಅಜ್ಜಿ ಹತ್ತಿಯಂತೆ ಹಗುರಾಗಿ ಮಲಗಿದ್ದಳು. ಕಿಟಕಿಯ ಬಿಸಿಲು ಅವಳ ಪಾದ ಸವರುತ್ತಿತ್ತು.

ಪರೀಕ್ಷಕ ಹಂಚಿನಾಳ ಡಾಕ್ಟರು ಕೈಗಂಟೆ ಎತ್ತಿದರು. "ಇದನ್ನ ಬಾರಿಸೂದರೊಳಗ ಹೆಸರು ಹೇಳದಿದ್ರ ಫೇಲ್ ನೋಡವಾ. ಯಾವ ನೋವಂತ ಗೊತ್ತಾತೇನು?"

ನೀಲಾಂಬಿಕಾ ಹಲ್ಲು ಕಚ್ಚಿ ಅಜ್ಜಿಯ ಹೊದಿಕೆ ಸರಿಪಡಿಸಿದಳು.

"ಇಲ್ರಿ ಸರ್," ಎಂದು ಪಿಸುಗುಟ್ಟಿದಳು.

ಡಾಕ್ಟರು ಅಜ್ಜಿಯತ್ತ ನೋಡಿದರು. ಆಮೇಲೆ ಗಂಟೆ ಸದ್ದಾಗದಂತೆ ಅದರ ನಾಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡು ಕುಳಿತರು.