ಕೂರುವಷ್ಟು ಜಾಗ

ಹೊನ್ನೂರಪ್ಪನ ಗುದ್ದಲಿಗೆ ಇಲ್ಲಿಯೂ ಎಲುಬೇ ಸಿಕ್ಕಿತು. ಅದನ್ನು ಮತ್ತೆ ಮಣ್ಣಲ್ಲಿ ಮುಚ್ಚಿ, ಗುಂಡಿಯಿಂದ ಮೇಲೆ ಬಂದು ಬೀಡಿ ಹಚ್ಚಿದ.

“ಎಲ್ಲಿ ಅಗದ್ರೂ ಯಾರೋ ಒಬ್ಬರು ಕುಂತಿರ್ತಾರ್ರಿ,” ಎಂದ.

ರಾಯದುರ್ಗದ ಆ ರುದ್ರಭೂಮಿಯಲ್ಲಿ ಇನ್ನೂ ಯಾರೂ ಕೂತಿರದ ನೆಲ ಒಂದೇ ಉಳಿದಿತ್ತು. ಅದು ದ್ಯಾಮಮ್ಮನ ಗಂಡನ ಸಮಾಧಿಯ ಪಕ್ಕದ್ದು, ಸುತ್ತ ಸುಣ್ಣ ಬಳಿದ ಕಲ್ಲು ಇಟ್ಟು ಅವಳು ತನಗೆಂದು ಕಾಯ್ದುಕೊಂಡು ಬಂದದ್ದು.

ಹೇಳಿಕಳಿಸಿದ ಮೇಲೆ ಅವಳು ಕೋಲೂರಿಕೊಂಡು ಬಂದಳು. ಮೂರು ಕಡೆಯಿಂದಲೂ ಮನೆಗಳು ಸಮಾಧಿಗಳಿಗೆ ಅಂಟಿಕೊಂಡೇ ಎದ್ದಿದ್ದವು, ನಾಲ್ಕನೆಯ ಕಡೆ ರಸ್ತೆ. ಯಾರದೋ ಸಮಾಧಿಯ ಮೇಲೆ ಕೂಸಿನ ಅಂಗಿಗಳನ್ನು ಒಣಹಾಕಿದ್ದರು.

ಸತ್ತವಳು ಅವಳ ಪಕ್ಕದ ಮನೆಯ ಗಂಗಕ್ಕ. ಮಗ ವಾಗೀಶ್ ಕೈಮುಗಿದು ನಿಂತ. ಹೊತ್ತು ಇಳಿಯುವುದರೊಳಗೆ ಮಣ್ಣು ಮಾಡಬೇಕು, ಊರಾಚೆ ಹೊಸ ಜಾಗ ಕೊಡುತ್ತೇವೆಂದವರು ಇನ್ನೂ ತೋರಿಸಿಲ್ಲ ಎಂದು ಹೇಳಿಕೊಂಡ.

“ನಿಮ್ಮವ್ವ ಗ್ವಾಡಿ ಕಟ್ಟೋವಾಗ ಒಂದು ಗೇಣು ನನ್ನ ಕಡಿ ಬಂದಿದ್ಲು. ಈಗ ಇಲ್ಲಿಗೂ ಬಂದ್ಲು,” ಎಂದಳು ದ್ಯಾಮಮ್ಮ.

“ಒಂದ ಮನ್ಯಾಗ ಅಷ್ಟು ಮಂದಿ ಇದ್ವಿ, ದೊಡ್ಡವ್ವ. ಎಲ್ಲಿ ಮಲಗಬೇಕಿತ್ತು?”

ದ್ಯಾಮಮ್ಮನ ಮನೆಯಲ್ಲೂ ಒಬ್ಬರು ಎದ್ದ ಮೇಲೆ ಇನ್ನೊಬ್ಬರಿಗೆ ಹಾಸಿಗೆ. ಹುಟ್ಟಿದಾಗಿನಿಂದ ಅವಳು ಯಾರದೋ ಮಗ್ಗುಲಲ್ಲಿ ಮುದುಡಿಕೊಂಡೇ ಮಲಗಿದವಳು. ಅಮಾವಾಸ್ಯೆಗೊಮ್ಮೆ ಬಂದು ಈ ನೆಲ ಗುಡಿಸುವಾಗ ಮಾತ್ರ, ಇದೊಂದನ್ನು ಯಾರ ಜೊತೆಗೂ ಹಂಚಿಕೊಳ್ಳಬೇಕಾಗಿಲ್ಲವಲ್ಲ ಎಂದು ಅವಳ ಮನಸ್ಸು ಹಗುರಾಗುತ್ತಿತ್ತು.

ರಸ್ತೆಯ ಕಡೆಯಿಂದ ಹೆಣ ತರುವವರ ಭಜನೆಯ ದನಿ ಹತ್ತಿರವಾಯಿತು. ಹೊನ್ನೂರಪ್ಪ ಬೀಡಿ ಎಸೆದು ಹಾರೆ ಹಿಡಿದ. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ದ್ಯಾಮಮ್ಮ ಕೋಲನ್ನು ವಾಗೀಶನ ಕೈಗೆ ಕೊಟ್ಟು ಕಲ್ಲು ದಾಟಿ ಒಳಗೆ ಹೋದಳು. ಗಂಡನ ಸಮಾಧಿಗೆ ಭುಜ ತಾಗಿಸಿ, ತಮ್ಮ ಜನರಲ್ಲಿ ಹೆಣವನ್ನು ಹೇಗೆ ಕೂರಿಸಿ ಮಣ್ಣು ಮಾಡುತ್ತಾರೋ ಹಾಗೆಯೇ, ಕಾಲು ಮಡಚಿ ಕುಳಿತಳು.

“ನನ್ನ ಸುತ್ತ ಗೆರಿ ಎಳಿ, ಹೊನ್ನೂರಪ್ಪ. ಆಚಿ ಉಳಿದದ್ದು ಅಕಿಗಿರ್ಲಿ.”

ಅವನು ಆಚೆಗೆ ಉಳಿಯುವುದನ್ನು ಕಣ್ಣಲ್ಲೇ ಅಳೆದ. ಚೂರು ಸಾಲದೆನಿಸಿತು. ಆದರೂ ಬಗ್ಗಿ ಗೆರೆ ಎಳೆಯತೊಡಗಿದ. ಹಾರೆಯ ತುದಿ ಮೊಣಕಾಲಿನ ಹತ್ತಿರ ಬಂದಾಗ ದ್ಯಾಮಮ್ಮ ನೆಲದ ಮೇಲೆ ಹರಡಿದ್ದ ಸೀರೆಯ ನಿರಿಗೆಯನ್ನೂ ಒಳಕ್ಕೆ ಎಳೆದುಕೊಂಡಳು.